ಏಣಿ ಮೇಲಿನ ವೈರಿಂಗ್ ಕೆಲಸ: ಕಾಲು ಎಲ್ಲಿ, ಕೈ ಎಲ್ಲಿ

ಏಣಿಯಿಂದ ಯಾರಾದರೂ ಬಿದ್ದರೆ ಏಣಿ ಜಾರಿತು ಅಂದು ಮಾತು ಮುಗಿಸುತ್ತೇವೆ. ಎಲೆಕ್ಟ್ರಿಷಿಯನ್ ಕೆಲಸದಲ್ಲಿ ಬಹಳ ಸಲ ಏಣಿಗಿಂತ ಮೊದಲು ಸೋಲುವುದು ಭುಜ. ತಲೆಯ ಮೇಲೆ ಕೈ ಎತ್ತಿ ಹಿಡಿದು ಎರಡು ಮೂರು ನಿಮಿಷ ಆಗುವಷ್ಟರಲ್ಲಿ ಭುಜ ಉರಿಯುತ್ತದೆ, ಬೆರಳಿಗೆ ಜೋಮು ಹಿಡಿಯುತ್ತದೆ. ಇದೊಂದು ಸ್ಕ್ರೂ ಮುಗಿಸಿಬಿಡೋಣ ಅನಿಸಿ, ಇಳಿದು ಏಣಿ ಸರಿಸುವ ಬದಲು ಪಕ್ಕಕ್ಕೆ ವಾಲುತ್ತೇವೆ. ಅದಕ್ಕೇ ಏಣಿ ಬಿಚ್ಚುವ ಮುಂಚೆ ನಾನು ಹಾಕುವ ಲೆಕ್ಕ ಒಂದೇ: ಕೆಲಸದ ಜಾಗಕ್ಕೂ ಕಾಲು ಊರುವ ಮೆಟ್ಟಿಲಿಗೂ ಎಷ್ಟು ಅಂತರ.

ಸೀಲಿಂಗ್ ಕೆಲಸಕ್ಕೆ ನೆತ್ತಿಗೂ ಸೀಲಿಂಗ್‌ಗೂ ನಡುವೆ ಒಂದು ಗೇಣು ಇದ್ದರೆ ಸರಿ. ಆಗ ಮೊಣಕೈ ಮಡಿಚಿಕೊಂಡೇ, ಕೈ ಹಣೆಯ ಮುಂದೆ ಇರುವ ಹಾಗೆ ಕೆಲಸ ಮಾಡಬಹುದು. ಹತ್ತಡಿ ಸೀಲಿಂಗ್, ಐದೂವರೆ ಅಡಿ ಎತ್ತರದ ಆಳು ಅಂದುಕೊಳ್ಳಿ; ಕಾಲು ನೆಲದಿಂದ ಮೂರೂಮುಕ್ಕಾಲು ಅಡಿ ಮೇಲಿರಬೇಕು. ಆರಡಿಯ ಎ ಟೈಪ್ (ಎರಡು ಕಡೆ ಕಾಲು ಬಿಚ್ಚಿ ನಿಲ್ಲಿಸುವ) ಏಣಿಯಲ್ಲಿ ನಿಲ್ಲಬಹುದಾದ ಕೊನೆಯ ಮೆಟ್ಟಿಲು ಹೆಚ್ಚುಕಡಿಮೆ ಅಲ್ಲೇ ಬರುತ್ತದೆ. ಏಕೆಂದರೆ ತುದಿಯ ಪಟ್ಟಿ ಮತ್ತು ಅದರ ಕೆಳಗಿನ ಮೆಟ್ಟಿಲು ನಿಲ್ಲುವುದಕ್ಕಲ್ಲ. ಅಲ್ಲಿ ಮೊಣಕಾಲಿಗೆ ತಾಗಲು ಏನೂ ಇರುವುದಿಲ್ಲ, ಸ್ವಲ್ಪ ಅಲುಗಿದರೂ ದೇಹವನ್ನು ತಡೆಯುವ ಆಸರೆಯಿಲ್ಲ. ಐದಡಿ ಏಣಿಯಲ್ಲಿ ಇದೇ ಕೆಲಸ ಮಾಡಹೊರಟರೆ ತುದಿಗೆ ಹತ್ತಬೇಕು, ಇಲ್ಲವೇ ಮುಂಗಾಲಲ್ಲಿ ನಿಂತು ಚಾಚಬೇಕು. ಎಂಟಡಿ ಏಣಿ ಆದರೆ ತೊಂದರೆಯಿಲ್ಲ, ಸೊಂಟಕ್ಕೆ ಒಳ್ಳೆಯ ಆಸರೆಯೇ ಸಿಗುತ್ತದೆ. ಚಿಕ್ಕ ಕೋಣೆಯಲ್ಲಿ ಮಾತ್ರ ಅದು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಮಡಿಚಿದ ಎ ಟೈಪ್ ಏಣಿಯನ್ನು ಗೋಡೆಗೆ ಒರಗಿಸಿ ಹತ್ತುವ ಚಟ ಬೇಡ. ಅದರ ಪಾದದ ರಬ್ಬರ್ ನೆಲಕ್ಕೆ ಸಮನಾಗಿ ಕೂರುವುದು ಏಣಿ ಬಿಚ್ಚಿ, ಎರಡೂ ಕಡೆಯ ಕಾಲುಗಳನ್ನು ಬಿಗಿಹಿಡಿಯುವ ಬೀಗಪಟ್ಟಿ ಬಿದ್ದಾಗ ಮಾತ್ರ.

ಕುತ್ತಿಗೆಯದು ಇನ್ನೊಂದು ಕಥೆ. ಕೆಲಸದ ಬಿಂದು ನೆತ್ತಿಯ ನೇರಕ್ಕಿದ್ದರೆ ಕುತ್ತಿಗೆ ಪೂರ್ತಿ ಹಿಂದಕ್ಕೆ ಬಾಗುತ್ತದೆ. ಹಾಗೇ ಬಹಳ ಹೊತ್ತು ನಿಂತರೆ ಕೆಲವರಿಗೆ ತಲೆ ತಿರುಗುತ್ತದೆ. ಏಣಿಯನ್ನು ಒಂದು ಗೇಣು ಹಿಂದಕ್ಕಿಟ್ಟರೆ ಬಿಂದು ಕಣ್ಣಿನ ಮುಂದೆ ಬರುತ್ತದೆ, ಕುತ್ತಿಗೆಯ ಬಾಗು ಕಡಿಮೆಯಾಗುತ್ತದೆ. ಬೈಫೋಕಲ್ ಕನ್ನಡಕ ಹಾಕುವವರು ಇದನ್ನು ಇನ್ನಷ್ಟು ಗಮನಿಸಬೇಕು. ಹತ್ತಿರದ್ದನ್ನು ನೋಡುವ ಗಾಜು ಕೆಳಭಾಗದಲ್ಲಿರುವುದರಿಂದ, ಮೇಲಿನ ಟರ್ಮಿನಲ್ ಕಾಣಲು ತಲೆಯನ್ನು ಮತ್ತೂ ಹಿಂದಕ್ಕೆ ಚೆಲ್ಲಬೇಕಾಗುತ್ತದೆ. ಇಂಥ ಕೆಲಸಕ್ಕೆ ಪೂರ್ತಿ ಹತ್ತಿರದ ನೋಟದ್ದೇ ಬೇರೆ ಕನ್ನಡಕ ಇರಲಿ. ಹತ್ತುವಾಗ ಇಳಿಯುವಾಗ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಮೆಟ್ಟಿಲು ಮಂಜಾಗಿ ಕಾಣುತ್ತದೆ.

ಪಾದದ ನೋವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಸಪೂರ ಅಡ್ಡಪಟ್ಟಿಯ ಮೇಲೆ ನಿಂತಾಗ ಮೈಭಾರವೆಲ್ಲ ಅಂಗಾಲಿನ ಕಮಾನಿನ ಮೇಲೆ ಬೀಳುತ್ತದೆ. ಕಾಲು ನೊಂದಂತೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತೀರಿ, ಅದರೊಂದಿಗೆ ಏಣಿಯೂ ಆಡುತ್ತದೆ. ಅಡಿ ಗಟ್ಟಿಯಾಗಿ ಬಾಗದ, ಹಿಮ್ಮಡಿ ಇರುವ ಶೂ ಬೇಕು. ಚಪ್ಪಲಿಯಲ್ಲಿ ಹತ್ತುವುದೇ ತಪ್ಪು. ಬ್ರಿಟನ್ನಿನ ಸುರಕ್ಷತಾ ಇಲಾಖೆಯ ಮಾರ್ಗಸೂಚಿ ಏಣಿಯ ಮೇಲೆ ಒಂದು ಸಲಕ್ಕೆ 30 ನಿಮಿಷದ ಮಿತಿ ಹಾಕುತ್ತದೆ, ಕೈಯಲ್ಲಿರುವ ಸಾಮಾನು 10 ಕೆಜಿಯೊಳಗೆ ಇರಲಿ ಎನ್ನುತ್ತದೆ. ಕೈ ಮೇಲೆತ್ತಿ ಮಾಡುವ ಕೆಲಸಕ್ಕೆ ಅರ್ಧ ಗಂಟೆಯೂ ನನ್ನ ಪ್ರಕಾರ ಹೆಚ್ಚೇ. ಸಾಲಾಗಿ ಲೈಟ್ ಕೂರಿಸುವುದಿದ್ದರೆ ಚಕ್ರಕ್ಕೆ ಬ್ರೇಕ್, ಸುತ್ತ ಕಟಕಟೆ ಇರುವ ಸಣ್ಣ ಅಟ್ಟಣಿಗೆ ತರಿಸಿ.

ಎ ಟೈಪ್ ಏಣಿ ಹಿಂದೆಮುಂದೆ ಗಟ್ಟಿ, ಅಕ್ಕಪಕ್ಕಕ್ಕೆ ಬಡವ. ಗೋಡೆ ಕೊರೆಯುವಾಗ ಮೆಟ್ಟಿಲಿನ ಮುಖ ಗೋಡೆಯ ಕಡೆಗೇ ಇರಬೇಕು. ಡ್ರಿಲ್ ಒತ್ತಿದ ಬಲ ಏಣಿಯ ಉದ್ದಕ್ಕೆ ಹೋಗಬೇಕು. ಏಣಿಯನ್ನು ಗೋಡೆಗೆ ಸಮಾನಾಂತರ ಇಟ್ಟು ಪಕ್ಕಕ್ಕೆ ತಿರುಗಿ ಕೊರೆದರೆ, ಒತ್ತಿದಷ್ಟೂ ಗೋಡೆ ನಿಮ್ಮನ್ನು ಏಣಿಯ ದುರ್ಬಲ ದಿಕ್ಕಿಗೇ ತಳ್ಳುತ್ತದೆ. ಕಾಂಕ್ರೀಟ್‌ನಲ್ಲಿ ಬಿಟ್ ಕಂಬಿಗೆ ಸಿಕ್ಕಿದರಂತೂ ಬಿಟ್ ನಿಂತು ಮಷಿನ್ ತಿರುಗುತ್ತದೆ: ಮಣಿಕಟ್ಟು ತಿರುಚುತ್ತದೆ, ಹಿಂದೆಯೇ ದೇಹ. ಕ್ಲಚ್ (ಬಿಟ್ ಸಿಕ್ಕಿಕೊಂಡರೆ ತಿರುಗುವ ಬಲ ಕಡಿಯುವ ಭಾಗ) ಇರುವ ಹ್ಯಾಮರ್ ಡ್ರಿಲ್, ಪಕ್ಕದ ಹಿಡಿ ಹಾಕಿಯೇ ಬಳಸಿ. ಆನ್ ಬಟನ್‌ನ ಲಾಕ್ ಒತ್ತಿ ಬಿಡಬೇಡಿ, ಬೆರಳು ಬಿಟ್ಟ ತಕ್ಷಣ ಮಷಿನ್ ನಿಲ್ಲಬೇಕು. ಸೀಲಿಂಗ್ ಕೊರೆಯುವಾಗ ಬಿಟ್‌ಗೆ ಧೂಳಿನ ಕಪ್ ಸಿಕ್ಕಿಸಿ, ಮುಚ್ಚಿದ ಕನ್ನಡಕ ಹಾಕಿ. ಕಣ್ಣಿಗೆ ಧೂಳು ಬಿದ್ದ ಕ್ಷಣ ಕೈ ಏಣಿ ಬಿಟ್ಟು ಮುಖಕ್ಕೆ ಹೋಗುತ್ತದೆ, ಅದು ಯೋಚಿಸಿ ಆಗುವುದಲ್ಲ.

ಕರೆಂಟ್ ವಿಷಯವೂ ಹಾಗೇ. ನೆಲದ ಮೇಲೆ ಕೈ ಝಾಡಿಸಿ ಮುಗಿಯುವ ಶಾಕ್, ಏಣಿಯ ಮೇಲೆ ಬೀಳಿಸುತ್ತದೆ. ಆ ಸರ್ಕ್ಯೂಟಿನ ಎಂಸಿಬಿ (ಬೋರ್ಡಿನಲ್ಲಿರುವ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಲಾಕ್ ಹಾಕಿ, ಚೀಟಿ ತೂಗುಹಾಕಿ. ಆಮೇಲೆ ಎರಡು ಪ್ರೋಬಿನ ಟೆಸ್ಟರನ್ನು ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಹಿಡಿದು ನೋಡಿ, ನಂತರ ಕೆಲಸದ ಜಾಗದಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರನ್ನೂ ಪರೀಕ್ಷಿಸಿ, ಕೊನೆಗೆ ಮತ್ತೆ ಮೊದಲಿನ ಜಾಗದಲ್ಲಿ ಹಿಡಿದು ಟೆಸ್ಟರ್ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇಷ್ಟಾದರೂ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಅದೇ ಬಾಕ್ಸಿನಲ್ಲಿ ಸೇರಿದ್ದರೆ, ಜೋಡಣೆ ಬಿಚ್ಚಿದಾಗ ಆ ಕಡೆಯ ಲೋಡಿನ ಮೂಲಕ ನ್ಯೂಟ್ರಲ್ ತುದಿಗೆ ಕರೆಂಟ್ ಬರಬಹುದು. ಹಳೆಯ ವೈರಿಂಗ್‌ನಲ್ಲಿ ಈ ಸಂಶಯ ಬಂದರೆ ಮೇನ್ ಸ್ವಿಚ್ಚನ್ನೇ ಇಳಿಸುವುದು ಮೇಲು.

ಸೀಲಿಂಗ್ ಫ್ಯಾನ್ ಕೂರಿಸುವಾಗ ಏಣಿಯ ಮೇಲಿನ ಕಷ್ಟವೆಲ್ಲ ಒಟ್ಟಿಗೆ ಬರುತ್ತದೆ: ಕೈಯಲ್ಲಿ ನಾಲ್ಕೈದು ಕೆಜಿ, ನೋಟ ಮೇಲೆ, ಇನ್ನೊಂದು ಕೈಯಲ್ಲಿ ಬೋಲ್ಟ್. ಇಲ್ಲಿ ಉಪಾಯವೆಂದರೆ ಮೇಲೆ ಮಾಡುವುದನ್ನು ಕಡಿಮೆ ಮಾಡುವುದು. ಫ್ಯಾನ್ ತೂಗುವ ಡೌನ್ ರಾಡ್, ರಾಡಿನ ತುದಿ ಮುಚ್ಚುವ ಎರಡೂ ಕ್ಯಾನೊಪಿ, ರಾಡ್‌ನೊಳಗಿನ ವೈರ್, ಮೋಟಾರ್ ಕಡೆಯ ಬೋಲ್ಟ್ ಮತ್ತು ಅದು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಎಲ್ಲವನ್ನೂ ನೆಲದ ಮೇಲೇ ಮುಗಿಸಿ. ಬ್ಲೇಡ್ ಜೋಡಿಸಬೇಡಿ, ತೂಕವೂ ಅಡ್ಡಗಾತ್ರವೂ ಕಡಿಮೆಯಾಗುತ್ತದೆ. ರಾಡನ್ನು ಸೀಲಿಂಗ್ ಹುಕ್ಕಿಗೆ ಹಿಡಿಸುವ ಮೇಲಿನ ಶ್ಯಾಕಲ್‌ನ ಬೋಲ್ಟ್, ರಬ್ಬರ್ ಉರುಳೆ, ನಟ್, ಪಿನ್ ಸೊಂಟದ ಚೀಲದಲ್ಲಿ ಬೇರೆ ಬೇರೆ ಜೇಬಿನಲ್ಲಿರಲಿ, ಮೇಲೆ ಹೋಗಿ ತಡಕಾಡುವಂತಿರಬಾರದು. ನಾನು ಮೊದಲು ಹುಕ್ಕಿಗೆ ಗಟ್ಟಿ ಹಗ್ಗದ ಕುಣಿಕೆ ಹಾಕುತ್ತೇನೆ. ಹೆಲ್ಪರ್ ಕೆಳಗಿನಿಂದ ಮೋಟಾರ್ ಎತ್ತಿ ಕೊಡುತ್ತಾನೆ, ರಾಡನ್ನು ಕುಣಿಕೆಗೆ ತೂಗಿಬಿಟ್ಟ ಮೇಲೆ ತೂಕ ಕೈಯಿಂದ ಹುಕ್ಕಿಗೆ ಹೋಗುತ್ತದೆ. ಆಮೇಲೆ ಶ್ಯಾಕಲ್ ಬೋಲ್ಟ್ ತೂರಿಸುವುದು ಎರಡೂ ಕೈಯ ಆರಾಮದ ಕೆಲಸ. ಬೋಲ್ಟ್ ಬಿಗಿದು ಸ್ಪ್ಲಿಟ್ ಪಿನ್ ಕಾಲು ಅಗಲಿಸುವವರೆಗೆ ಕುಣಿಕೆ ಬಿಚ್ಚುವಂತಿಲ್ಲ. ಕನೆಕ್ಟರ್‌ಗೆ ವೈರ್ ಕೊಟ್ಟ ಮೇಲೆ ಕೈಗಳನ್ನು ಇಳಿಸಿ ಅರ್ಧ ನಿಮಿಷ ತೂಗಾಡಲು ಬಿಡಿ. ಬ್ಲೇಡ್ ಕೊನೆಗೆ.

ವೈರ್ ಎಳೆಯುವುದನ್ನು ಏಣಿಯ ಮೇಲಿಂದ ಮಾಡಲೇಬೇಡಿ. ಪೈಪಿನೊಳಗೆ ಸಿಕ್ಕಿಕೊಂಡ ಕಟ್ಟು ದಿಢೀರನೆ ಸಡಿಲವಾದರೆ ಎಳೆದ ಬಲವೆಲ್ಲ ನಿಮ್ಮನ್ನೇ ಹಿಂದಕ್ಕೆ ಎಸೆಯುತ್ತದೆ. ಮೇಲಿನವರು ವೈರ್ ತಿರುಚದಂತೆ ಒಳಕ್ಕೆ ಬಿಡುತ್ತಿರಲಿ, ಎಳೆಯುವವರು ನೆಲದಲ್ಲಿರಲಿ.

ಒರಗಿಸುವ ಏಣಿಗೆ ನಾಲ್ಕಕ್ಕೆ ಒಂದು ಲೆಕ್ಕ: ಹನ್ನೆರಡು ಅಡಿ ಎತ್ತರಕ್ಕೆ ಒರಗಿದರೆ ಬುಡ ಗೋಡೆಯಿಂದ ಮೂರಡಿ, ಅಂದರೆ ಸುಮಾರು 75 ಡಿಗ್ರಿ. ಮಾಡಿಗೆ ದಾಟುವುದಾದರೆ ತುದಿ ಮೂರಡಿ ಮೇಲೆ ಚಾಚಿರಬೇಕು, ಮೇಲ್ತುದಿ ಕಟ್ಟಿರಬೇಕು. ಬೆಲ್ಟಿನ ಬಕಲ್ ಏಣಿಯ ಎರಡು ಪಕ್ಕದ ಕಂಬಗಳ ನಡುವೆ ಇರುವಷ್ಟೇ ಚಾಚು. ಬಕಲ್ ಕಂಬ ದಾಟಿತೆಂದರೆ ಇಳಿದು ಏಣಿ ಸರಿಸಿ.

ಅಲ್ಯುಮಿನಿಯಂ ಏಣಿ ಈ ಕೆಲಸಕ್ಕೆ ಬೇಡವೇ ಬೇಡ. ಫೈಬರ್‌ಗ್ಲಾಸ್ ಏಣಿಯೂ ಒದ್ದೆಯಾಗಿ, ಕೊಳೆ ಹಿಡಿದಿದ್ದರೆ ಕರೆಂಟ್ ಹಾಯಿಸುತ್ತದೆ. ಬಿಸಿಲಿಗೆ ಮೇಲ್ಪದರ ಸವೆದು ಕೈಗೆ ನಾರು ಚುಚ್ಚುತ್ತಿದ್ದರೆ, ಕಂಬದಲ್ಲಿ ಸೀಳು ಕಂಡರೆ ಬದಿಗಿಡಿ. ಏಣಿಗೆ ಬಣ್ಣ ಬಳಿಯಬೇಡಿ, ಬಿರುಕು ಮುಚ್ಚಿಹೋಗುತ್ತದೆ. ತೂಕದ ಗುರುತು ಓದುವಾಗ ನಿಮ್ಮ ಮೈತೂಕದ ಜೊತೆ ಚೀಲ, ಡ್ರಿಲ್, ಫ್ಯಾನ್ ಸೇರಿಸಿ ಲೆಕ್ಕ ಹಾಕಿ.

ಸೊಂಟದ ಚೀಲ ಒಂದೇ ಬದಿಗೆ ಜಗ್ಗಿದರೆ ದಿನದ ಕೊನೆಗೆ ನಡು ಹಿಡಿದುಕೊಳ್ಳುತ್ತದೆ. ಕಟರ್, ಇಕ್ಕಳ ಒಂದು ಬದಿಗೆ, ಸ್ಕ್ರೂ ಡ್ರೈವರ್, ಟೆಸ್ಟರ್ ಇನ್ನೊಂದು ಬದಿಗೆ ಹಂಚಿ. ಡ್ರಿಲ್ ಕೈಯಲ್ಲಿ ಹಿಡಿದು ಹತ್ತುವುದಿಲ್ಲ, ಮೇಲೆ ಹೋದಮೇಲೆ ಹಗ್ಗಕ್ಕೆ ಕಟ್ಟಿದ ಬಕೆಟ್ಟಿನಲ್ಲಿ ಎಳೆದುಕೊಳ್ಳುತ್ತೇನೆ. ಇಳಿಯುವಾಗಲೂ ಮುಖ ಏಣಿಯ ಕಡೆಗೇ, ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಸದಾ ಏಣಿಗೆ ತಾಗಿರಬೇಕು. ಕಾಲು ತಪ್ಪುವುದು ಹೆಚ್ಚಾಗಿ ಕೆಳಗಿನ ಮೆಟ್ಟಿಲಲ್ಲೇ. ನೆಲ ಸಿಕ್ಕಿತೆಂದುಕೊಂಡು ಕಾಲು ಬಿಡುವುದರಿಂದ. ಕೊನೆಯ ಮೆಟ್ಟಿಲಿಗೆ ಬಣ್ಣದ ಟೇಪ್ ಸುತ್ತಿ, ಏಣಿಯ ಬುಡದಲ್ಲಿ ವೈರ್ ತುಂಡು, ಪೈಪ್ ತುಂಡು ಬಿಡದಂತೆ ಹೆಲ್ಪರ್‌ಗೆ ಹೇಳಿಡಿ.