ಕೇಬಲ್ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿ ಅಡ್ರೆಸ್ ಬದಲಾಯಿಸಬೇಕಾ?

ಮೋಡೆಮ್ ಆಫ್ ಮಾಡಿ ಆನ್ ಮಾಡಿದರೆ ಹೊಸ ಐಪಿ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ವಿಳಾಸ) ಸಿಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಕೇಬಲ್ ಸಂಪರ್ಕದಲ್ಲಿ ಇದು ಎಷ್ಟೋ ಸಲ ಕೆಲಸ ಮಾಡುವುದಿಲ್ಲ. ಕಾರಣ ಇಷ್ಟೇ: ಇಂಟರ್ನೆಟ್ ಕಂಪನಿಯ ಡಿಎಚ್‌ಸಿಪಿ ಸರ್ವರ್ (ಐಪಿ ಹಂಚುವ ಕಂಪ್ಯೂಟರ್) ನಿಮ್ಮ ರೂಟರ್‌ನ ಮ್ಯಾಕ್ ಅಡ್ರೆಸ್ (ಸಾಧನದ ಗುರುತಿನ ಸಂಖ್ಯೆ) ನೋಡಿ, ಒಂದು ಅವಧಿಗೆ ಐಪಿ ಕೊಟ್ಟಿರುತ್ತದೆ. ಅವಧಿ ಮುಗಿಯುವ ಮೊದಲೇ ಅದೇ ರೂಟರ್ ಮತ್ತೆ ಕೇಳಿದರೆ, ಸಾಮಾನ್ಯವಾಗಿ ಹಳೆಯ ಐಪಿಯೇ ವಾಪಸ್ ಬರುತ್ತದೆ.

ಹಾಗಾಗಿ ಮ್ಯಾಕ್ ಅಡ್ರೆಸ್ಸನ್ನೇ ಬದಲಾಯಿಸಿ ನೋಡಿ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ವ್ಯಾನ್ (WAN, ಅಂದರೆ ಹೊರಗಿನ ಸಂಪರ್ಕ) ಅಥವಾ ಇಂಟರ್ನೆಟ್ ಭಾಗದಲ್ಲಿ 'ಮ್ಯಾಕ್ ಕ್ಲೋನ್' ಅಂತ ಇರುತ್ತದೆ. ಮೊದಲು ಈಗಿನ ಮ್ಯಾಕ್ ಅಡ್ರೆಸ್ ಬರೆದಿಟ್ಟುಕೊಳ್ಳಿ, ಇದನ್ನು ಮರೆಯಲೇಬೇಡಿ. ಆಮೇಲೆ ಕೊನೆಯ ಒಂದೆರಡು ಅಕ್ಷರ ಮಾತ್ರ ಬದಲಾಯಿಸಿ ಸೇವ್ ಮಾಡಿ. ನಂತರ ಮೋಡೆಮ್ಮನ್ನೂ ಆಫ್ ಮಾಡಿ ಆನ್ ಮಾಡಲೇಬೇಕು. ಅದು ಹಳೆಯ ಮ್ಯಾಕ್ ಅಡ್ರೆಸ್ಸನ್ನೇ ನೆನಪಿಟ್ಟುಕೊಂಡಿರುತ್ತದೆ, ಅಲ್ವಾ. ಕೆಲವು ಕಂಪನಿಗಳು ಮ್ಯಾಕ್ ಅಡ್ರೆಸ್ ನೋಂದಾಯಿಸಿರುತ್ತವೆ. ಆಗ ನೆಟ್ ನಿಂತುಹೋದರೆ ಗಾಬರಿ ಬೇಡ, ಹಳೆಯದನ್ನೇ ಹಾಕಿ.

ಇನ್ನೊಂದು ಮಾತು. 192.168 ಅಂತ ಶುರುವಾಗುವುದು ಮನೆಯೊಳಗಿನ ಐಪಿ. ಅದನ್ನು ಬದಲಾಯಿಸಿದರೆ ಹೊರಗೆ ಕಾಣುವ ಐಪಿ ಬದಲಾಗುವುದಿಲ್ಲ. ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ದರೆ, ಹೊರಗಿನ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿವೆ ಅಂತ ಅರ್ಥ. ಆಗ ಸುಮ್ನೆ ರೂಟರ್ ಜೊತೆ ಒದ್ದಾಡಬೇಡಿ, ನೇರವಾಗಿ ಕಂಪನಿಯವರನ್ನೇ ಕೇಳಿ.