ಮೇಳದಲ್ಲಿ ದೋಸೆ ಸ್ಟಾಲ್ ಹಾಕಬೇಕಾ? ಮೊದಲು ಅಡುಗೆಮನೆ ಹುಡುಕಿ

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರು ಯುಗಾದಿ, ರಾಜ್ಯೋತ್ಸವದ ಮೇಳ ನೋಡಿ "ನಾವೂ ಒಂದು ಸ್ಟಾಲ್ ಹಾಕೋಣ್ವಾ?" ಅಂತಾರೆ. ಧಾರಾಳವಾಗಿ ಹಾಕಿ. ಆದರೆ ಅಡುಗೆ ಎಲ್ಲಿ ಮಾಡ್ತೀರಿ ಅನ್ನೋದು ಮೊದಲು ತೀರ್ಮಾನ ಆಗಲಿ, ಮೆನು ಆಮೇಲೆ.

ಸಾರ್ವಜನಿಕ ಮೇಳದಲ್ಲಿ ತಿಂಡಿ ಮಾರಲು ಟೆಂಪೊರರಿ ಫುಡ್ ಫೆಸಿಲಿಟಿ ಪರ್ಮಿಟ್ ಬೇಕು. ಕೊಡುವುದು ಸಾಮಾನ್ಯವಾಗಿ ಕೌಂಟಿಯ (ನಮ್ಮ ಜಿಲ್ಲೆ ಇದ್ದಹಾಗೆ) ಎನ್ವಿರಾನ್‌ಮೆಂಟಲ್ ಹೆಲ್ತ್ ಇಲಾಖೆ. ಸನಿವೇಲ್‌ನಲ್ಲಿ ಮೇಳವಾದರೆ ಸಾಂಟಾ ಕ್ಲಾರಾ ಕೌಂಟಿ, ಫ್ರೀಮಾಂಟ್ ಆದರೆ ಅಲಮೀಡಾ. ಇಲ್ಲಿ ತಗೊಂಡ ಪರ್ಮಿಟ್ ಅಲ್ಲಿ ನಡೆಯಲ್ಲ. ಮೇಳ ನಡೆಸುವ ಸಂಘವೂ ಎರಡು ವಾರ ಮೊದಲೇ ತನ್ನ ಅರ್ಜಿ ಹಾಕಿರಬೇಕು, ಹಾಗಾಗಿ ಮೊದಲು ಸಂಘದವರನ್ನೇ ಕೇಳಿ.

ಈಗ ಅಡುಗೆಮನೆ ವಿಷಯ. ಹಿಂದಿನ ರಾತ್ರಿ ಮನೆಯಲ್ಲಿ ರುಬ್ಬಿ ಉಬ್ಬಲು ಬಿಟ್ಟ ದೋಸೆ ಹಿಟ್ಟು, ಬೆಳಿಗ್ಗೆ ಕಲಸಿ ಡಬ್ಬಿಗೆ ತುಂಬಿದ ಪುಳಿಯೋಗರೆ, ಇವೆರಡನ್ನೂ ತರುವಂತಿಲ್ಲ, ನಿಮ್ಮ ಮನೆ ಎಷ್ಟೇ ಚೊಕ್ಕಟವಾಗಿರಲಿ. ಒಂದೋ ಸ್ಟಾಲಿನೊಳಗೇ ಮಾಡಬೇಕು, ಇಲ್ಲವೇ ಪರ್ಮಿಟ್ ಇರುವ ಕಿಚನ್‌ನಲ್ಲಿ. ಪರಿಚಯದ ಹೋಟೆಲಿನವರು ಜಾಗ ಕೊಟ್ಟರೆ ಅವರ ಸಹಿ ಇರುವ ಒಪ್ಪಿಗೆ ಪತ್ರ ತಗೊಳ್ಳಿ. ಗಂಟೆ ಲೆಕ್ಕದ ಬಾಡಿಗೆ ಕಿಚನ್‌ಗಳೂ ಇವೆ, ಆದರೆ ಒಂದು ದಿನದ ಸ್ಟಾಲಿಗೆ ಲಾಭವೆಲ್ಲ ಬಾಡಿಗೆಗೇ ಹೋದೀತು. ಬಿಸ್ಕತ್ತು, ಜಾಮ್‌ನಂಥ ಬೇಗ ಕೆಡದ ಕೆಲವನ್ನು ಮನೆಯಲ್ಲೇ ಮಾಡಿ ಮಾರಲು 2013ರಿಂದ ಕಾಟೇಜ್ ಫುಡ್ ಕಾನೂನು ಇದೆ. ಅದಕ್ಕೂ ಕೌಂಟಿಯಲ್ಲಿ ನೋಂದಣಿ ಆಗಬೇಕು, ಮತ್ತು ನಿಮ್ಮ ತಿಂಡಿ ರಾಜ್ಯದ ಪಟ್ಟಿಯಲ್ಲಿರಬೇಕು.

ಮೇಳದ ದಿನ ಇನ್‌ಸ್ಪೆಕ್ಟರ್ ಬಂದರೆ ಥರ್ಮಾಮೀಟರ್ ಚುಚ್ಚಿ ನೋಡ್ತಾರೆ. ಬಿಸಿಬೇಳೆ ಬಾತ್ 135 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಬಾರದು. ಕಾಯಿ ಚಟ್ನಿಯನ್ನು ಐಸ್‌ನಲ್ಲಿ 41ರೊಳಗೆ ಇಟ್ಟರೆ ತಕರಾರಿಲ್ಲ. ಚುರುಮುರಿ ಸುಲಭ ಅಂದ್ಕೊಳ್ತೀರಿ, ಅಲ್ವಾ? ಹೆಚ್ಚಿದ ಟೊಮೇಟೊ ಕೂಡ ತಣ್ಣಗೇ ಇರಬೇಕು. ನನ್ನ ಕೇಳಿದರೆ ಮೊದಲ ಸಲ ಎರಡೇ ಐಟಂ ಸಾಕು.

ಕೈ ತೊಳೆಯಲು ನಲ್ಲಿ ಇರುವ 5 ಗ್ಯಾಲನ್ ಡಬ್ಬದಲ್ಲಿ ಬೆಚ್ಚಗಿನ ನೀರು, ದ್ರವ ಸೋಪು, ಪೇಪರ್ ಟವೆಲ್, ಕೆಳಗೊಂದು ಬಕೆಟ್ ಇಡಿ. ಸ್ಯಾನಿಟೈಸರ್ ಬಾಟಲಿ ಇಟ್ಟು ಸುಮ್ನೆ ಕೂತರೆ ಒಪ್ಪಲ್ಲ. ಬೋಂಡ ಕರಿಯುವವರು ಫೈರ್ ಇಲಾಖೆಯನ್ನೂ ವಿಚಾರಿಸಬೇಕು, ಎಣ್ಣೆ ಬೆಂಕಿಗೆ ಕೆ ಕ್ಲಾಸ್ ಎಕ್ಸ್‌ಟಿಂಗ್ವಿಶರ್ ಕೇಳ್ತಾರೆ. ಸಂಜೆ ಉಳಿದ ಬಿಸಿ ಅಡುಗೆಯನ್ನು ಎಸೆಯಲೇಬೇಕು, ನಾಳೆಗೆ ಇಡುವಂತಿಲ್ಲ. ಅನ್ನ ಚೆಲ್ಲಲು ಮನಸ್ಸು ಬರಲ್ಲ, ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಮಾಡಿಕೊಳ್ಳಿ.

ಸೇಲ್ಸ್ ಟ್ಯಾಕ್ಸ್ ಬೇರೆ. ಅದಕ್ಕೆ ರಾಜ್ಯದ ತೆರಿಗೆ ಇಲಾಖೆಯಿಂದ ತಾತ್ಕಾಲಿಕ ಸೆಲ್ಲರ್ಸ್ ಪರ್ಮಿಟ್ ತಗೊಳ್ಳಿ. ಆನ್‌ಲೈನ್‌ನಲ್ಲೇ ಸಿಗುತ್ತೆ, ಶುಲ್ಕ ಇಲ್ಲ.