ಹಾಡಿನಲ್ಲಿರುವ ಸಮಾಜ ವಿಮರ್ಶೆಯನ್ನು ಕೇಳಿ ಗುರುತಿಸುವ ಬಗೆ

ಪ್ರತಿಭಟನೆಯ ಹಾಡೊಂದನ್ನು ಅಭ್ಯಾಸ ಮಾಡಲು ಹೊರಟವರು ಸಾಮಾನ್ಯವಾಗಿ ಅದರ ಅಚ್ಚಾದ ಪಠ್ಯವನ್ನು ಹುಡುಕಿ, ಅದು ಹೇಳುವುದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಂಡು, ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. "ಈ ಹಾಡು ಜಾತಿ ಪದ್ಧತಿಯನ್ನು ಖಂಡಿಸುತ್ತದೆ" ಎಂಬ ವಾಕ್ಯ ಹದಿನಾರನೆಯ ಶತಮಾನದ ಕನಕದಾಸರ ಕೀರ್ತನೆಗೂ ಹೊಂದುತ್ತದೆ, 1970ರ ದಶಕದ ದಲಿತ ಚಳವಳಿಯ ಹಾಡಿಗೂ ಹೊಂದುತ್ತದೆ. ಎರಡಕ್ಕೂ ಇಷ್ಟು ಸಲೀಸಾಗಿ ಹೊಂದುವ ಮಾತು ಎರಡರಲ್ಲಿ ಒಂದನ್ನೂ ತಿಳಿಸಿಕೊಡಲಾರದು. ಟೀಕೆ ಇರುವುದು ಹಾಡಿನ ಸಾರಾಂಶದಲ್ಲಲ್ಲ. ಅದರ ವಿಭಕ್ತಿ ಪ್ರತ್ಯಯದಲ್ಲಿ, ಸಂಬೋಧನೆಯಲ್ಲಿ, ತಾಳದ ನಡೆಯಲ್ಲಿ, ಜೊತೆಗೆ ನುಡಿಯುವ ವಾದ್ಯದಲ್ಲಿ. ಅದನ್ನು ಅಲ್ಲಿಂದಲೇ ಹೆಕ್ಕಿ ತೆಗೆಯುವ ಕ್ರಮವನ್ನು ಕನ್ನಡದ್ದೇ ಕೆಲವು ಹಾಡುಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲು ಪುಸ್ತಕವನ್ನು ಬದಿಗಿಟ್ಟು ಹಾಡನ್ನು ಕೇಳಬೇಕು. ಸಾಧ್ಯವಾದರೆ ಒಂದೇ ಹಾಡನ್ನು ಇಬ್ಬರು ಬೇರೆ ಬೇರೆ ಗಾಯಕರಿಂದ ಕೇಳಿ, ಕಿವಿಗೆ ಬಿದ್ದ ಹಾಗೆಯೇ ಬರೆದುಕೊಳ್ಳಬೇಕು. ಎರಡು ಸಲ ಹಾಡಿದ್ದನ್ನು ಎರಡು ಸಲವೇ ಬರೆಯಬೇಕು. ಅಚ್ಚಿನಲ್ಲಿ ಪಲ್ಲವಿ ಒಮ್ಮೆ ಮಾತ್ರ ಕಾಣುತ್ತದೆ; ಹಾಡಿನಲ್ಲಿ ಅದು ಪ್ರತಿ ಚರಣದ ಕೊನೆಗೂ ಮರಳಿ ಬರುತ್ತದೆ, ಮರಳಿದಾಗಲೆಲ್ಲ ನಡುವೆ ಬಂದ ಚರಣದ ಭಾರವನ್ನು ಹೊತ್ತು ತರುತ್ತದೆ. ಯಾವ ಸಾಲನ್ನು ಒಬ್ಬರೇ ಹಾಡಿದರು, ಯಾವುದಕ್ಕೆ ಮೇಳದವರು ದನಿಗೂಡಿಸಿದರು ಎಂಬುದನ್ನು ಪಕ್ಕದಲ್ಲಿ ಗುರುತಿಸಿಕೊಳ್ಳಿ. ಈ ಟಿಪ್ಪಣಿಯಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಬೀಳುವುದಿಲ್ಲ.

ಮುಂದಿನ ಕೆಲಸ ಹಾಡು ಯಾರನ್ನು ಉದ್ದೇಶಿಸಿ ಮಾತನಾಡುತ್ತಿದೆ ಎಂದು ಪತ್ತೆಹಚ್ಚುವುದು. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಕನಕದಾಸರ "ಕುಲ ಕುಲ ಕುಲವೆಂದು ಹೊಡೆದಾಡದಿರಿ" ಎಂಬ ಕೀರ್ತನೆಯಲ್ಲಿ "ಹೊಡೆದಾಡದಿರಿ", "ಬಲ್ಲಿರಾ" ಎಂಬ ಎರಡು ರೂಪಗಳಿವೆ. ಎರಡೂ ಎದುರಿಗಿರುವವರನ್ನು ಬಹುವಚನದಲ್ಲಿ, ಗೌರವ ಕೆಡದಂತೆ ಕರೆಯುತ್ತವೆ. ಒಂದು ನಿಷೇಧ, ಇನ್ನೊಂದು ಪ್ರಶ್ನೆ. ನಿಮ್ಮ ಕುಲದ ನೆಲೆಯನ್ನೇನಾದರೂ ಬಲ್ಲಿರಾ ಎಂದು ಕೇಳುವಾಗ ಕವಿ ತಾನು ಉತ್ತರವನ್ನು ಕೊಡುವುದಿಲ್ಲ. ಕುಲದ ಹೆಮ್ಮೆಯುಳ್ಳವನೇ ಅದರ ಮೂಲವನ್ನು ಹುಡುಕಿ ತೋರಿಸಲಿ ಎಂದು ಹೊಣೆಯನ್ನು ಅವನ ಕಡೆಗೆ ಸರಿಸುತ್ತಾರೆ. "ಕುಲ" ಎಂಬ ಶಬ್ದವನ್ನು ಮೂರು ಸಲ ಒಟ್ಟೊಟ್ಟಿಗೆ ಇಟ್ಟಿರುವುದನ್ನೂ ಬಾಯಿಬಿಟ್ಟು ಹಾಡಿ ನೋಡಿ. ಮೂರನೆಯ ಸಲಕ್ಕೆ ಅದು ಅರ್ಥ ಕಳೆದುಕೊಂಡು ಬರಿಯ ಸದ್ದಾಗುತ್ತದೆ, ಬೀದಿಯ ಜಗಳದಲ್ಲಿ ಕೇಳುವ ಕೂಗಾಗುತ್ತದೆ. ಕುರುಬ ಸಮುದಾಯದಿಂದ ಬಂದು ದಾಸಕೂಟದೊಳಗೆ ನಿಂತ ವ್ಯಕ್ತಿ ಈ ಪ್ರಶ್ನೆಯನ್ನು ಕೇಳುತ್ತಿದ್ದಾರೆ ಎಂಬುದು ನೆನಪಿದ್ದರೆ "ಬಲ್ಲಿರಾ" ಎಂಬ ವಿನಯದೊಳಗಿನ ಗಟ್ಟಿತನ ಇನ್ನಷ್ಟು ಸ್ಪಷ್ಟವಾಗುತ್ತದೆ.

ಇದೇ ಕ್ರಮವನ್ನು ಸಿದ್ಧಲಿಂಗಯ್ಯನವರ (1954–2021) "ಯಾರಿಗೆ ಬಂತು, ಎಲ್ಲಿಗೆ ಬಂತು, ನಲವತ್ತೇಳರ ಸ್ವಾತಂತ್ರ್ಯ" ಎಂಬ ಹಾಡಿಗೆ ಅನ್ವಯಿಸಿ. ಇಲ್ಲಿಯೂ ಪ್ರಶ್ನೆಯಿದೆ, ಆದರೆ ಹಾಡು ಆ ಪ್ರಶ್ನೆಗೆ ತಾನೇ ಉತ್ತರಿಸುತ್ತದೆ. ಸ್ವಾತಂತ್ರ್ಯವು ಸಿರಿವಂತರ ಜೇಬಿಗೆ, ಜನರನ್ನು ತಿನ್ನುವ ಬಾಯಿಗೆ, ಕೋಟ್ಯಧೀಶನ ಕೋಣೆಗೆ ಬಂದದ್ದನ್ನು ಎಣಿಸಿ, ಬಡವರ ಮನೆಗೆ ಬರಲಿಲ್ಲವೆನ್ನುತ್ತದೆ. ಇಡೀ ಹಾಡು "ಗೆ" ಎಂಬ ಚತುರ್ಥಿ ವಿಭಕ್ತಿಯ ಮೇಲೆ ನಿಂತಿರುವುದನ್ನು ಗಮನಿಸಬೇಕು. ಸ್ವಾತಂತ್ರ್ಯ ಬಂತೇ, ಬರಲಿಲ್ಲವೇ ಎಂಬ ವಾದಕ್ಕೆ ಕವಿ ಇಳಿಯುವುದೇ ಇಲ್ಲ. ಬಂದದ್ದು ನಿಜವೆಂದು ಒಪ್ಪಿಕೊಂಡು, ತಲುಪಿದ್ದು ಯಾರಿಗೆ ಎಂದು ಮಾತ್ರ ಕೇಳುತ್ತಾರೆ. "ಬಂತು" ಎಂಬ ಕ್ರಿಯಾಪದ ಬದಲಾಗದೆ ಉಳಿದು, ಅದು ಮುಟ್ಟಿದ ವಿಳಾಸ ಮಾತ್ರ ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಕೊನೆಗೆ ಕ್ರಿಯಾಪದವೇ ನಿಷೇಧಕ್ಕೆ ತಿರುಗಿದಾಗ ಕೇಳುಗನಿಗೆ ಆಘಾತವಾಗುತ್ತದೆ. ಅರ್ಥಶಾಸ್ತ್ರದ ದೀರ್ಘ ಪ್ರಬಂಧವೊಂದು ಹೇಳಬೇಕಾದ ಹಂಚಿಕೆಯ ಅನ್ಯಾಯವನ್ನು ಒಂದು ಪ್ರತ್ಯಯದಿಂದ ಹೇಳಿದ ಇಂಥ ಉದಾಹರಣೆ ನನಗೆ ಕನ್ನಡದಲ್ಲಿ ಬೇರೆ ಸಿಕ್ಕಿಲ್ಲ.

ಸಂಬೋಧನೆಯ ಬಳಿಕ ಶಬ್ದಗಳ ಹಿನ್ನೆಲೆಗೆ ಬರಬೇಕು. ಹಾಡಿನ ಒಂದೊಂದು ಮುಖ್ಯ ಶಬ್ದವನ್ನೂ ಯಾರು ಯಾರ ಮೇಲೆ ಬಳಸುತ್ತಿದ್ದರು, ಈ ಹಾಡು ಅದನ್ನು ಯಾವ ದಿಕ್ಕಿಗೆ ತಿರುಗಿಸಿದೆ ಎಂದು ಕೇಳಿಕೊಳ್ಳಿ. ಪುರಂದರದಾಸರ ಕೀರ್ತನೆಯೊಂದು ಹೊಲೆಯನೆಂದರೆ ಊರ ಹೊರಗಿರುವವನೇ, ಊರೊಳಗಿಲ್ಲವೇ ಎಂದು ಕೇಳಿ, ನಡತೆಗೆಟ್ಟವನೇ ನಿಜವಾದ ಹೊಲೆಯನೆಂಬ ಅರ್ಥದ ಸಾಲುಗಳನ್ನು ಮುಂದಿಡುತ್ತದೆ. ಹುಟ್ಟಿನಿಂದ ಬಂದ ಕೀಳುತನವನ್ನು ಅದು ನಿರಾಕರಿಸುತ್ತದೆ, ಊರೊಳಗಿನ ಮಡಿವಂತರ ಕಡೆಗೆ ಬೆರಳು ತೋರಿಸುತ್ತದೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಒಂದು ಸಮುದಾಯದ ಹೆಸರು ಅಲ್ಲಿ ಬೈಗುಳವಾಗಿಯೇ ಉಳಿಯುತ್ತದೆ ಎಂಬುದನ್ನೂ ಓದುಗರು ಬರೆದಿಟ್ಟುಕೊಳ್ಳಲೇಬೇಕು. ಬೈಗುಳದ ಗುರಿ ಬದಲಾಗಿದೆ, ಬೈಗುಳ ಬದಲಾಗಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಸಂಕಲನಕ್ಕೆ "ಹೊಲೆಮಾದಿಗರ ಹಾಡು" ಎಂದು ಹೆಸರಿಟ್ಟಾಗ ಅದೇ ಶಬ್ದ ಬೈಸಿಕೊಂಡವರ ಬಾಯಲ್ಲಿ, ಹಾಡಿನ ಒಡೆಯರ ಹೆಸರಾಗಿ ಬಂತು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಸಚಿವ ಬಿ. ಬಸವಲಿಂಗಪ್ಪನವರ ಮಾತಿನಿಂದ 1973ರಲ್ಲಿ ಎದ್ದ ಗದ್ದಲ, ಅದರ ಬೆನ್ನಿಗೆ ಸಂಘಟಿತರಾದ ದಲಿತ ಯುವಕರು, ಇವೆಲ್ಲವೂ ಆ ಶೀರ್ಷಿಕೆಯ ಹಿಂದೆ ಇವೆ. ಆ ಸಂಕಲನದ ಪ್ರಸಿದ್ಧ ಪದ್ಯವೊಂದು "ಇಕ್ರಲಾ" ಎಂದು ಶುರುವಾಗುತ್ತದೆ. ಆ "ಲಾ" ಕೇರಿಯ ಗೆಳೆಯರು ತಮ್ಮತಮ್ಮಲ್ಲಿ ಕರೆದುಕೊಳ್ಳುವ ಸಲಿಗೆಯ ದನಿ. ಪಕ್ಕದಲ್ಲೇ ಬರುವ ಬೈಗುಳ ಮಾತ್ರ ಮೇಲಿನವರಿಗೆ ಹೋಗುತ್ತದೆ. ಸಲಿಗೆ ತಮ್ಮವರಿಗೆ, ಬೈಗುಳ ಎದುರಾಳಿಗೆ ಎಂಬ ಈ ವಿಂಗಡಣೆಯನ್ನು ಗುರುತಿಸದವರು ಆ ಪದ್ಯದಲ್ಲಿ ಕೇವಲ ಸಿಟ್ಟನ್ನು ಕಾಣುತ್ತಾರೆ, ಅದರೊಳಗಿನ ಒಗ್ಗಟ್ಟನ್ನು ಕಾಣುವುದಿಲ್ಲ.

ಈಗ ಸಂಗೀತದ ಕಡೆಗೆ ಬರೋಣ. ಸಂಗೀತ ಶಾಸ್ತ್ರ ಕಲಿಯದವರೂ ಇದನ್ನು ಮಾಡಬಹುದು. ಬೇಕಾಗಿರುವುದು ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸವಷ್ಟೇ. "ಯಾರಿಗೆ | ಬಂತು | ಎಲ್ಲಿಗೆ | ಬಂತು" ಎಂದು ಕೈ ತಟ್ಟುತ್ತ ಹೇಳಿ. "ಯಾರಿಗೆ", "ಎಲ್ಲಿಗೆ" ಎಂಬವು ನಾಲ್ಕು ನಾಲ್ಕು ಮಾತ್ರೆಯ ಗಣಗಳು. "ಬಂತು" ಎಂಬುದು ಲೆಕ್ಕಕ್ಕೆ ಮೂರೇ ಮಾತ್ರೆಯಾದರೂ ಹಾಡುವಾಗ ಕೊನೆಯ ಸ್ವರ ಎಳೆದು ನಾಲ್ಕಾಗುತ್ತದೆ. ನಾಲ್ಕರ ನಡೆ ನಡಿಗೆಗೆ ಒದಗುವ ನಡೆ. ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತಿರುವವರು ಉಸಿರು ಕಟ್ಟದೆ ಇದನ್ನು ಹಾಡಬಲ್ಲರು, ಒಮ್ಮೆ ಕೇಳಿದವರು ಎರಡನೆಯ ಸಲಕ್ಕೆ ದನಿಗೂಡಿಸಬಲ್ಲರು. "ಬಂತು" ಎಂಬಲ್ಲಿ ಉಳಿಯುವ ಆ ಒಂದು ಮಾತ್ರೆಯ ಎಳೆತದಲ್ಲಿಯೇ ಗುಂಪು ಉಸಿರು ತೆಗೆದುಕೊಳ್ಳುತ್ತದೆ. 1975ರಲ್ಲಿ ಆರಂಭವಾದ "ಸಮುದಾಯ" ಎಂಬ ರಂಗಸಂಘಟನೆಯಂಥ ತಂಡಗಳು ಬೀದಿ ನಾಟಕ ಮತ್ತು ಜಾಥಾಗಳಲ್ಲಿ ಹಾಡುಗಳನ್ನು ಬಳಸಿದ್ದು ಇಂಥ ಗುಣಕ್ಕಾಗಿಯೇ. ಧ್ವನಿವರ್ಧಕವಿಲ್ಲದ ಬಯಲಿನಲ್ಲಿ ಸೂಕ್ಷ್ಮವಾದ ಗಮಕ ಕೇಳಿಸುವುದಿಲ್ಲ, ತಾಳ ಮತ್ತು ಪುನರುಕ್ತಿ ಕೇಳಿಸುತ್ತವೆ.

ರಾಗದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ದಾಸರು ತಂಬೂರಿ, ತಾಳ, ಗೆಜ್ಜೆಗಳೊಂದಿಗೆ ಹಾಡಿದ ಮೂಲ ಧಾಟಿಗಳು ಬಹುಮಟ್ಟಿಗೆ ಉಳಿದಿಲ್ಲ. ಇಂದು ಕಛೇರಿಯಲ್ಲಿ ಕೇಳುವ ರಾಗಗಳು ಹೆಚ್ಚಾಗಿ ನಂತರದ ಸಂಗೀತಗಾರರ ಆಯ್ಕೆಗಳು. ಆದ್ದರಿಂದ ರಾಗದ ಭಾವವನ್ನು ದಾಸರ ಉದ್ದೇಶವೆಂದು ಬರೆಯಬಾರದು. ಅದು ಹಾಡುವವರ ವ್ಯಾಖ್ಯಾನ ಎಂದು ಬರೆಯಬೇಕು. "ಉದರ ವೈರಾಗ್ಯವಿದು" ಎಂಬ ಪುರಂದರದಾಸರ ಕೀರ್ತನೆಯನ್ನು ಇದಕ್ಕೆ ತೆಗೆದುಕೊಳ್ಳಿ. ಹೊಟ್ಟೆಪಾಡಿಗಾಗಿ ವೈರಾಗ್ಯದ ವೇಷ ತೊಟ್ಟವರನ್ನು ಅದು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆಯುತ್ತದೆ. ಕರುಣೆ ತುಂಬಿದ ವಿಳಂಬ ಧಾಟಿಯಲ್ಲಿ ಹಾಡಿದರೆ ಕೇಳುಗ ಅದನ್ನು ಭಕ್ತನ ಆತ್ಮನಿರೀಕ್ಷೆಯೆಂದು ಭಾವಿಸಿ ತಲೆದೂಗುತ್ತಾನೆ. ಚುರುಕಾದ ನಡೆಯಲ್ಲಿ, ಅಕ್ಷರಗಳಿಗೆ ಒತ್ತುಕೊಟ್ಟು ಹಾಡಿದರೆ ಅದು ಬೀದಿಯಲ್ಲಿ ಎಸೆದ ಆರೋಪವಾಗುತ್ತದೆ. ವಿದ್ಯಾರ್ಥಿಗಳಿಗೆ ನಾನು ಸೂಚಿಸುವ ಅಭ್ಯಾಸ ಇಷ್ಟೇ: ಒಂದೇ ಚರಣವನ್ನು ಎರಡು ಧಾಟಿಗಳಲ್ಲಿ ತಾವೇ ಹಾಡಿಕೊಂಡು, ಯಾವ ಶಬ್ದದ ಮೇಲೆ ಭಾರ ಬಿತ್ತು, ಯಾವುದು ಸ್ವರದೊಳಗೆ ಕರಗಿಹೋಯಿತು ಎಂದು ಗುರುತು ಹಾಕಬೇಕು. ಪಠ್ಯ ಮತ್ತು ಧಾಟಿ ಒಂದೇ ಕಡೆಗೆ ಎಳೆಯುತ್ತಿವೆಯೇ, ಇಲ್ಲವೇ ಧಾಟಿಯು ಮಾತಿನ ಮೊನೆಯನ್ನು ಮೊಂಡು ಮಾಡುತ್ತಿದೆಯೇ ಎಂಬುದು ಆಗ ಯಾರೂ ಹೇಳಿಕೊಡದೆ ತಿಳಿಯುತ್ತದೆ.

ವಾದ್ಯವನ್ನು ಕೇಳುವಾಗ ಅದರ ನಾದದ ಜೊತೆಗೆ ಅದರ ಬದುಕನ್ನೂ ತಿಳಿಯಬೇಕು. ಮರದ ಬಳೆಗೆ ಚರ್ಮ ಬಿಗಿದು, ಬೆಂಕಿಗೆ ಹಿಡಿದು ಕಾಯಿಸಿ, ಒಂದು ದಪ್ಪ ಮತ್ತು ಒಂದು ತೆಳುವಾದ ಕಡ್ಡಿಯಿಂದ ಬಾರಿಸುವ ತಮಟೆ ಶತಮಾನಗಳ ಕಾಲ ದಲಿತರ ಮೇಲೆ ಹೇರಿದ ಚಾಕರಿಯ ಗುರುತಾಗಿತ್ತು. ಹೆಣದ ಮುಂದೆ, ಜಾತ್ರೆಯಲ್ಲಿ, ಡಂಗುರ ಸಾರುವಾಗ ಅದನ್ನು ಬಾರಿಸಲೇಬೇಕಿತ್ತು. ಬಾರಿಸಿದವನಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. ಈ ಕಾರಣಕ್ಕೆ ತಮಟೆಯನ್ನು ಕೈಬಿಡುವುದೇ ಸ್ವಾಭಿಮಾನವೆಂದು ನಂಬಿದವರು ಚಳವಳಿಯೊಳಗೆ ಇದ್ದರು, ಅದನ್ನೇ ಹೋರಾಟದ ನಾದವಾಗಿ ಎತ್ತಿಕೊಂಡವರೂ ಇದ್ದರು. ಎರಡೂ ನಿಲುವುಗಳಿಗೆ ನನ್ನ ಗೌರವವಿದೆ. ಚಾಕರಿಯ ನೆನಪು ಇನ್ನೂ ಹಸಿಯಾಗಿರುವ ಮನೆಯವರಿಗೆ ತಮಟೆಯನ್ನು ಸಂಭ್ರಮಿಸಿರೆಂದು ಹೊರಗಿನವರು ಉಪದೇಶಿಸುವುದು ತಪ್ಪು. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಾಗ ಆ ವಾದ್ಯದ ಕಥೆಗೆ ಇನ್ನೊಂದು ಅಧ್ಯಾಯ ಸೇರಿತು. ಹಾಡಿನಲ್ಲಿ ತಮಟೆ ಕೇಳಿಸಿದ ಕೂಡಲೇ ಅದನ್ನು ಬಾರಿಸುತ್ತಿರುವವರು ಯಾರು, ತಮ್ಮ ಇಚ್ಛೆಯಿಂದಲೋ, ಕೂಲಿಗಾಗಿಯೋ, ಹಾಡಿನ ಕೀರ್ತಿಯಲ್ಲಿ ಅವರಿಗೆ ಪಾಲಿದೆಯೋ ಎಂದು ಕೇಳಬೇಕು. ಚಿತ್ರಗೀತೆಯೊಂದರಲ್ಲಿ ಆ ನಾದವನ್ನು ಕೇವಲ ಹುರುಪಿಗೆಂದು ಸೇರಿಸಿದ್ದರೆ ಅದನ್ನು ಪ್ರತಿಭಟನೆಯೆಂದು ಎಣಿಸಬೇಕಾಗಿಲ್ಲ.

ಹಾಡಿದ ಜಾಗವೂ ಟೀಕೆಯ ಭಾಗವೇ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸು ತ್ರಿಪದಿಯಲ್ಲಿ ಅತ್ತೆಯ ಕಾಟವನ್ನೂ, ಗಂಡನ ಅಸಡ್ಡೆಯನ್ನೂ, ತವರಿನ ಹಂಬಲವನ್ನೂ ಹಾಡುತ್ತಾಳೆ. ಅತ್ತೆ ಒಳಗೇ ಇರುತ್ತಾಳೆ, ಕೇಳಿಸಿಕೊಳ್ಳುತ್ತಲೂ ಇರುತ್ತಾಳೆ. ಎದುರು ನಿಂತು ಆಡಿದ್ದರೆ ಜಗಳವಾಗುತ್ತಿದ್ದ ಮಾತು ಕಲ್ಲಿನ ಸದ್ದಿನೊಂದಿಗೆ ಪದವಾಗಿ ಬಂದಾಗ ಸಲ್ಲುತ್ತದೆ, ಏಕೆಂದರೆ ಕೆಲಸ ನಿಂತಿಲ್ಲ. ಹಾಡುವಾಗ ಎರಡನೆಯ ಸಾಲು ಮರಳಿ ಬರುವುದರಿಂದ ಹೇಳಿದ ನೋವು ಇನ್ನೊಮ್ಮೆ ಕಿವಿಗೆ ಬೀಳುತ್ತದೆ. ಉತ್ತರ ಕರ್ನಾಟಕದ ಗೀಗೀ ಮೇಳದಲ್ಲಿ ಇದಕ್ಕೆ ಪೂರ್ತಿ ಬೇರೆಯಾದ ವ್ಯವಸ್ಥೆಯಿದೆ: ದಪ್ಪು, ತುಂತುಣಿಗಳೊಂದಿಗೆ ಹರದೇಶಿ ಪಂಗಡದವರು ಗಂಡಿನ ಪಕ್ಷವನ್ನೂ ನಾಗೇಶಿ ಪಂಗಡದವರು ಹೆಣ್ಣಿನ ಪಕ್ಷವನ್ನೂ ಹಿಡಿದು ಸವಾಲು ಜವಾಬುಗಳಲ್ಲಿ ವಾದಿಸುತ್ತಾರೆ, ಊರಿಗೆ ಊರೇ ಕುಳಿತು ಕೇಳುತ್ತದೆ. ಒಂದು ಕಡೆ ಮರೆಯಲ್ಲಿ ಆಡಿದ ದೂರು, ಇನ್ನೊಂದು ಕಡೆ ಎಲ್ಲರೆದುರು ನಡೆಯುವ ವಾದ. ಎರಡನ್ನೂ "ಸ್ತ್ರೀಪರ ಹಾಡು" ಎಂಬ ಒಂದೇ ಚೀಟಿಯಡಿ ಸೇರಿಸಿದರೆ ಈ ಭೇದ ಕಾಣದೆ ಹೋಗುತ್ತದೆ.

ಇಷ್ಟೆಲ್ಲ ಕಲಿತ ಮೇಲೆ ಬರುವ ಅಪಾಯವೆಂದರೆ ಎಲ್ಲ ಹಾಡಿನಲ್ಲಿಯೂ ಟೀಕೆಯನ್ನು ಕಾಣುವುದು. ಶಿಶುನಾಳ ಷರೀಫರ (1819–1889) "ಸೋರುತಿಹುದು ಮನೆಯ ಮಾಳಿಗೆ" ಎಂಬ ತತ್ವಪದವನ್ನು ಬಡವರ ವಸತಿಯ ಸಮಸ್ಯೆ ಎಂದು ವಿವರಿಸಿದ ಉತ್ತರ ಪತ್ರಿಕೆಗಳನ್ನು ನಾನು ಓದಿದ್ದೇನೆ. ಪಲ್ಲವಿಯಲ್ಲಿಯೇ "ಅಜ್ಞಾನದಿಂದ" ಎಂದು ಕವಿ ಕೀಲಿಕೈ ಕೊಟ್ಟಿದ್ದಾರೆ. ಮಳೆಗೆ ಸೋರುತ್ತಿರುವುದು ದೇಹ ಮನಸ್ಸುಗಳ ಮನೆ. ಆದರೂ ಆ ರೂಪಕ ಹುಟ್ಟಿದ್ದು ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರ ಅನುಭವದಿಂದ, ಮತ್ತು ಮುಸಲ್ಮಾನ ಮನೆತನದ ಷರೀಫರು ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾಗಿ ಹಾಡಿದರೆಂಬ ಬದುಕಿನ ಸಂಗತಿಯೇ ಒಂದು ಸಾಮಾಜಿಕ ನಿಲುವು. ಆ ನಿಲುವನ್ನು ಹೇಳಿ, ಆದರೆ ಪದದ ಅರ್ಥವನ್ನು ಬಲವಂತದಿಂದ ಬಗ್ಗಿಸಬೇಡಿ. ಸಿ. ಅಶ್ವಥ್ (1939–2009) ತಾರಕ ಸ್ಥಾಯಿಯ ತೆರೆದ ಕಂಠದಲ್ಲಿ ಹಾಡಿ ಷರೀಫರನ್ನು ಮನೆಮನೆಗೆ ಮುಟ್ಟಿಸಿದ ಬಳಿಕ ಈ ಪದಗಳಿಗೆ ಸೇರಿದ ಆವೇಶವನ್ನು ಅಶ್ವಥರ ಕೊಡುಗೆಯೆಂದೇ ಗುರುತಿಸಬೇಕು. ಏಕತಾರಿ ಹಿಡಿದ ಭಜನಾ ಮಂಡಳಿಯವರ ಬಾಯಲ್ಲಿ ಅವೇ ಪದಗಳು ಬೇರೆಯಾಗಿ ಕೇಳಿಸುತ್ತವೆ.

ಟಿಪ್ಪಣಿ ಬರೆಯಲು ಕುಳಿತಾಗ ಹಾಡು ಮುಗಿಯುವ ಸ್ಥಳವನ್ನು ಕೊನೆಯದಾಗಿ ನೋಡಿ. ಕನಕದಾಸರ ಕೀರ್ತನೆ ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಮುಗಿಯುತ್ತದೆ; ಕುಲದ ಪ್ರಶ್ನೆಗೆ ಅಲ್ಲಿ ಸಾಕ್ಷಿಯಾಗಿ ನಿಲ್ಲುವವನು ದೇವರು. ನಲವತ್ತೇಳರ ಸ್ವಾತಂತ್ರ್ಯದ ಹಾಡಿಗೆ ಅಂಕಿತವಿಲ್ಲ, ಹಾಡಿನ ಕೊನೆಗೂ ಪಲ್ಲವಿಯೇ ಮರಳುತ್ತದೆ. ಅದನ್ನು ಗುಂಪು ಎತ್ತಿಕೊಂಡಾಗ ಸಾಕ್ಷಿ ಹೇಳುತ್ತಿರುವವರು ಹಾಡುತ್ತಿರುವ ಜನರೇ ಆಗಿರುತ್ತಾರೆ. ಆದ್ದರಿಂದ ಟಿಪ್ಪಣಿಯ ತಲೆಯಲ್ಲಿ ಕವಿಯ ಹೆಸರಿನ ಜೊತೆಗೆ ಹಾಡಿದವರು, ಬಾರಿಸಿದವರು, ಹಾಡಿದ ಊರು, ದಿನ, ದನಿಗೂಡಿಸಿದವರು ಎಂಬ ಐದು ವಿವರಗಳನ್ನು ತಪ್ಪದೆ ಬರೆಯಿರಿ. ಬೀಸುವ ಪದವಾಗಿದ್ದರೆ ಕವಿಯ ಜಾಗ ಖಾಲಿಯಿರುತ್ತದೆ. ಅಲ್ಲಿ "ಅನಾಮಿಕ" ಎಂದು ಬರೆದು ಮುಗಿಸದೆ, ನಿಮಗೆ ಹಾಡಿ ಕೇಳಿಸಿದ ಅಜ್ಜಿಯ ಒಪ್ಪಿಗೆ ಪಡೆದು ಆಕೆಯ ಹೆಸರನ್ನು ಬರೆಯಿರಿ.